ಟಾಂಗ್ ಸಮಾಧಿಗಳ ಹೊರನಾಡಿಗ ಗೊಂಬೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇವು ಯಾವ ಗೊಂಬೆಗಳು? ಆಟಕ್ಕೋ, ಪೂಜೆಗೋ?

ಎರಡಕ್ಕೂ ಅಲ್ಲ. ಸತ್ತವರ ಜೊತೆ ಸಮಾಧಿಯೊಳಗೆ ಇಡಲೆಂದೇ ಮಾಡಿದವು. ಇಂಥ ಸಾಮಾನಿಗೆ ಚೀನೀ ಭಾಷೆಯಲ್ಲಿ ‘ಮಿಂಗ್‌ಚೀ’ ಎನ್ನುತ್ತಾರೆ, ಅದರಲ್ಲಿ ಮನುಷ್ಯ, ಪ್ರಾಣಿಗಳ ಆಕೃತಿಗೆ ‘ಯೋಂಗ್’ ಎಂದು ಹೆಸರು. ಆಚೆ ಲೋಕದಲ್ಲೂ ಯಜಮಾನನಿಗೆ ಮನೆ, ಲಾಯ, ಅಡುಗೆಮನೆ, ಆಳುಕಾಳು ಬೇಕಲ್ಲ, ಅದಕ್ಕೆ ಮಣ್ಣಿನದೊಂದು ಸಂಸಾರ. ಆ ಸಂಸಾರದಲ್ಲಿ ಚೀನೀಯರಲ್ಲದ ಮುಖಗಳು ಎದ್ದು ಕಾಣುವುದು ಟಾಂಗ್ ವಂಶದ ಕಾಲದಲ್ಲಿ, ಅಂದರೆ 618ರಿಂದ 907ರವರೆಗೆ. ಅದರಲ್ಲೂ 680ರಿಂದ 755ರ ನಡುವಿನ ಗೊಂಬೆಗಳೇ ಹೆಚ್ಚು ಪ್ರಸಿದ್ಧ. ಸಿಕ್ಕಿರುವುದು ಮುಖ್ಯವಾಗಿ ಎರಡು ರಾಜಧಾನಿಗಳ ಸುತ್ತ: ಇಂದಿನ ಶಿಯಾನ್ ಆಗಿರುವ ಚಾಂಗಾನ್, ಮತ್ತು ಲುವೋಯಾಂಗ್.

ಇದಕ್ಕೂ ಮೊದಲು ಇಂಥ ಮುಖಗಳು ಇರಲಿಲ್ಲವೆಂದಲ್ಲ. ಹಾನ್ ವಂಶದ ಕಾಲದ (ಕ್ರಿ.ಪೂ. 206ರಿಂದ ಕ್ರಿ.ಶ. 220) ಗುವಾಂಗ್‌ಝೌ ಸಮಾಧಿಗಳಲ್ಲಿ ತಲೆಯ ಮೇಲೆ ದೀಪ ಹೊತ್ತು ಕುಳಿತ ಹೊರನಾಡಿಗರ ಮಣ್ಣಿನ ಬೊಂಬೆಗಳಿವೆ. ಆರನೆಯ ಶತಮಾನದ ಉತ್ತರದ ರಾಜ್ಯಗಳಲ್ಲೂ ಇವೆ.

‘ಹು’ ಜನ ಅಂದರೆ ಯಾರು?

ಮ್ಯೂಸಿಯಮ್ ಫಲಕಗಳಲ್ಲಿ ‘ಹುರೆನ್’ ಎಂಬ ಪದ ಕಾಣುತ್ತದೆ. ಮೊದಮೊದಲು ಉತ್ತರದ ಅಲೆಮಾರಿಗಳಿಗೆಲ್ಲ ಹೀಗೆನ್ನುತ್ತಿದ್ದರು. ಟಾಂಗ್ ಕಾಲಕ್ಕೆ ಅದು ಬಹುಮಟ್ಟಿಗೆ ಮಧ್ಯ ಏಷ್ಯಾ ಮತ್ತು ಇರಾನಿನ ಕಡೆಯವರಿಗೆ, ಎಲ್ಲರಿಗಿಂತ ಹೆಚ್ಚಾಗಿ ಸೋಗ್ಡಿಯನ್ನರಿಗೆ ನಿಂತಿತು. ಸಮರ್ಕಂಡ್, ಬುಖಾರಾ, ತಾಷ್ಕೆಂಟ್ ಕಡೆಯ ವ್ಯಾಪಾರಿ ಜನ ಅವರು. ಚೀನಾದಲ್ಲಿ ಊರಿನ ಪ್ರಕಾರ ಅವರಿಗೆ ಅಡ್ಡಹೆಸರು ಬೀಳುತ್ತಿತ್ತು: ಸಮರ್ಕಂಡದವರು ಕಾಂಗ್, ಬುಖಾರಾದವರು ಆನ್, ತಾಷ್ಕೆಂಟಿನವರು ಶಿ. ಸಮಾಧಿ ಲೇಖನದಲ್ಲಿ ಈ ಅಡ್ಡಹೆಸರು ಕಂಡರೆ ಸಂಶೋಧಕರ ಕಿವಿ ನೆಟ್ಟಗಾಗುತ್ತದೆ.

ಅವರ ಸಮುದಾಯದ ಮುಖ್ಯಸ್ಥನಿಗೆ ಚೀನೀ ಸರ್ಕಾರ ಕೊಟ್ಟ ಹುದ್ದೆ ‘ಸಾಬಾವೋ’. ಈ ಪದದ ಬೇರು ಹಿಡಿದು ಹೋದರೆ ಸೋಗ್ಡಿಯನ್ ಭಾಷೆಯ ಮೂಲಕ ನಮ್ಮ ‘ಸಾರ್ಥವಾಹ’ಕ್ಕೇ ಬಂದು ನಿಲ್ಲುತ್ತೇವೆ. ಸಾರ್ಥವೆಂದರೆ ವರ್ತಕರ ತಂಡ, ಸಾರ್ಥವಾಹ ಅದರ ಮುಂದಾಳು. ಶಿಯಾನ್‌ನಲ್ಲಿ 2000ರಲ್ಲಿ ಸಿಕ್ಕ ಆನ್ ಜಿಯಾನ ಸಮಾಧಿ, 2003ರಲ್ಲಿ ಸಿಕ್ಕ ಶಿ ಜುನ್‌ನ ಸಮಾಧಿ, ಎರಡೂ ಇಂಥ ಸಾಬಾವೋಗಳವು. ಮೊದಲನೆಯದು 579ರದು, ಎರಡನೆಯದು 580ರದು.

ಗೊಂಬೆ ಹೊರನಾಡಿಗನದು ಎಂದು ಗುರುತಿಸುವುದು ಹೇಗೆ?

ಮುಖದಿಂದ ಶುರುಮಾಡಿ, ಬಟ್ಟೆಯಿಂದಲ್ಲ. ಗುಳಿಬಿದ್ದ ಕಣ್ಣು, ದಪ್ಪ ಹುಬ್ಬು, ಎತ್ತರದ ಬಾಗಿದ ಮೂಗು, ಕಿವಿಯಿಂದ ಗಲ್ಲದವರೆಗೆ ಸುರುಳಿ ಗಡ್ಡ, ತಿರುಚಿದ ಮೀಸೆ. ಆಮೇಲೆ ಮೊನಚಾದ ಉಣ್ಣೆಯ ಟೋಪಿ, ಎದೆಯ ಬಳಿ ಹೊರಕ್ಕೆ ಮಡಚಿದ ಕಾಲರಿನ ನಿಲುವಂಗಿ, ಬಿಗಿ ತೋಳು, ಚರ್ಮದ ಪಟ್ಟಿ, ಬೂಟು.

ಬಟ್ಟೆಯೊಂದನ್ನೇ ನಂಬಿದವರು ತಪ್ಪುತ್ತಾರೆ. ಎಂಟನೆಯ ಶತಮಾನದ ಮೊದಲರ್ಧದಲ್ಲಿ ‘ಹು’ ಉಡುಪು ಚಾಂಗಾನಿನ ಫ್ಯಾಷನ್ ಆಗಿತ್ತು. ಮಡಚಿದ ಕಾಲರು, ಹು ಟೋಪಿ ಹಾಕಿ ಕುದುರೆ ಏರಿದ ಗೊಂಬೆ ಎಷ್ಟೋ ಸಲ ಅಪ್ಪಟ ಚೀನೀ ಹೆಂಗಸು. ಇತ್ತ ಗಡ್ಡದ ಸೋಗ್ಡಿಯನ್ ಕುದುರೆ ಆಳು ಚೀನೀ ತಲೆವಸ್ತ್ರ ಕಟ್ಟಿರುತ್ತಾನೆ. ಈ ಬೆರಕೆ ಎಷ್ಟು ಬೆಳೆಯಿತೆಂದರೆ, ರಾಜಧಾನಿಯಲ್ಲಿರುವ ಉಯ್ಗರರು (ಉತ್ತರದ ಹುಲ್ಲುಗಾವಲಿನ ತುರ್ಕಿ ಜನ) ಮತ್ತು ಇತರ ಹು ಜನ ತಂತಮ್ಮ ಉಡುಪನ್ನೇ ತೊಡಬೇಕು, ಚೀನೀಯರನ್ನು ಅನುಕರಿಸಬಾರದು ಎಂದು 779ರಲ್ಲಿ ರಾಜಾಜ್ಞೆಯೇ ಹೊರಟಿತು.

ಅವರ ಮುಷ್ಟಿ ಏಕೆ ಖಾಲಿ?

ಖಾಲಿ ಇರಲಿಲ್ಲ. ಒಂದು ಕೈ ಎದೆಯ ಮಟ್ಟ, ಇನ್ನೊಂದು ಸೊಂಟದ ಮಟ್ಟ, ಎರಡೂ ಬಿಗಿದ ಮುಷ್ಟಿ, ಮುಷ್ಟಿಯ ನಡುವೆ ಒಂದು ತೂತು: ಇದು ಲಗಾಮು ಅಥವಾ ಮೂಗುದಾರ ಎಳೆಯುತ್ತಿರುವವನ ನಿಲುವು. ಹಗ್ಗವೋ ಚರ್ಮವೋ ಮಣ್ಣಿನಡಿ ಕೊಳೆತುಹೋಗಿ ತೂತು ಮಾತ್ರ ಉಳಿದಿದೆ. ಮ್ಯೂಸಿಯಮ್ಮಿನಲ್ಲಿ ಆಳನ್ನು ಒಂದು ಕಪಾಟಿನಲ್ಲಿ, ಒಂಟೆಯನ್ನು ಇನ್ನೊಂದರಲ್ಲಿ ಇಟ್ಟುಬಿಟ್ಟರೆ ಅವನು ಯಾರ ಮೇಲೋ ಗುದ್ದಲು ಹೊರಟವನಂತೆ ಕಾಣುತ್ತಾನೆ. ಪಕ್ಕದಲ್ಲಿ ಕುದುರೆಯನ್ನೋ ಒಂಟೆಯನ್ನೋ ಕಲ್ಪಿಸಿಕೊಳ್ಳಿ, ತಲೆ ಯಾವ ಕಡೆ ವಾಲಿದೆ ನೋಡಿ, ಅರ್ಥವಾಗುತ್ತದೆ.

ಮುಷ್ಟಿಯ ತೂತು ಅಡ್ಡಕ್ಕೆ ಇದ್ದರೆ ಹೆಚ್ಚಾಗಿ ಹಗ್ಗ. ನೆಟ್ಟಗೆ ಮೇಲಿಂದ ಕೆಳಕ್ಕಿದ್ದರೆ ಕೋಲೋ ಆಯುಧವೋ ಇದ್ದಿರಬಹುದು.

ಯಾವ ಯಾವ ಕೆಲಸದವರು ಸಿಗುತ್ತಾರೆ?

ಎಣಿಕೆಯಲ್ಲಿ ಮುಂದೆ ಇರುವವರು ಕುದುರೆ ಆಳುಗಳು ಮತ್ತು ಒಂಟೆ ಹೊಡೆಯುವವರು. ಒಳ್ಳೆ ಕುದುರೆ ಪಶ್ಚಿಮದಿಂದ ಬರುತ್ತಿತ್ತು, ಅದನ್ನು ಪಳಗಿಸಬಲ್ಲವನೂ ಅದರ ಜೊತೆಗೇ ಬಂದ. ಕೆಲವರು ಒಂದು ತೋಳನ್ನು ನಿಲುವಂಗಿಯಿಂದ ಹೊರತೆಗೆದು ಭುಜ ಬಿಟ್ಟಿರುತ್ತಾರೆ. ಕೆಲಸ ಜೋರಾದಾಗ ನಮ್ಮವರು ಅಂಗಿ ಕಳಚಿ ಹೆಗಲಿಗೆ ಹಾಕಿಕೊಳ್ಳುವ ಹಾಗೆ.

ಬೇಟೆಗಾರರದು ಇನ್ನೊಂದು ಗುಂಪು. 706ರಲ್ಲಿ ಸಮಾಧಿಯಾದ ರಾಜಕುಮಾರಿ ಯೋಂಗ್‌ತಾಯ್‌ಳ ಜೊತೆ ಇಟ್ಟ ಗೊಂಬೆಗಳಲ್ಲಿ ಗಡ್ಡದ ಸವಾರನೊಬ್ಬನಿದ್ದಾನೆ. ಅವನ ಜೀನಿನ ಹಿಂದೆ ಬೇಟೆಗೆ ಪಳಗಿಸಿದ ಸಿವಂಗಿ ಕುಳಿತಿದೆ. 724ರ ಜಿನ್‌ಶಿಯಾಂಗ್ ಎಂಬ ರಾಜಮನೆತನದ ಹೆಣ್ಣುಮಗಳ ಸಮಾಧಿಯಲ್ಲಿ ಇಡೀ ಬೇಟೆಯ ತಂಡವೇ ಇದೆ: ಸಿವಂಗಿ, ಕಾಡುಬೆಕ್ಕು, ಡೇಗೆ, ನಾಯಿ. ಪ್ರಾಣಿಯೂ ಅದನ್ನು ಸಾಕುವವನೂ ಸೇರಿ ಒಂದೇ ಸರಕಾಗಿ ದೂರದಿಂದ ಬರುತ್ತಿದ್ದವು.

ವಾದ್ಯದವರು, ಕುಣಿಯುವವರು, ನಗಿಸುವವರು ಮುಂದಿನವರು. ಜನರಲ್ ಶಿಯಾನ್‌ಯು ತಿಂಗ್‌ಹುಯಿಯ 723ರ ಸಮಾಧಿ 1957ರಲ್ಲಿ ತೆರೆದಾಗ ಸಿಕ್ಕ ಒಂಟೆ ಇವತ್ತು ಬೀಜಿಂಗಿನ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿದೆ. 58 ಸೆಂಟಿಮೀಟರಿನ ಆಸುಪಾಸು ಎತ್ತರ. ಅದರ ಬೆನ್ನ ಮೇಲೆ ಹಲಗೆ ಹಾಕಿ, ಕಂಬಳಿ ಹಾಸಿ, ಐದು ಗಂಡಸರನ್ನು ಕೂಡಿಸಿದ್ದಾರೆ: ನಾಲ್ವರು ಸುತ್ತ ಕುಳಿತು ನುಡಿಸುತ್ತಾರೆ, ನಡುವೆ ಒಬ್ಬ ಹು ನಿಂತು ಕುಣಿಯುತ್ತಾನೆ. ವಾದ್ಯಗಳಲ್ಲಿ ಒಂದು ಪಿಪಾ ಎಂಬ ತಂತಿವಾದ್ಯ ಮಾತ್ರ ಉಳಿದಿದೆ, ಉಳಿದವರ ಕೈ ಗಾಳಿಯನ್ನು ಮೀಟುತ್ತಿದೆ. 1959ರಲ್ಲಿ ಶಿಯಾನ್ ಹೊರವಲಯದ ಝೋಂಗ್‌ಬಾವೊ ಗ್ರಾಮದಲ್ಲಿ ಸಿಕ್ಕ ಇನ್ನೊಂದು ಒಂಟೆಯ ಮೇಲೆ ಎಂಟು ಜನ. ಅಲ್ಲಿ ವಾದ್ಯ ಬಹಳಷ್ಟು ಹೊರನಾಡಿನದು, ನುಡಿಸುವವರ ಮುಖ, ಉಡುಪು ಮಾತ್ರ ಚೀನೀ. ಎರಡನ್ನೂ ಒಂದೇ ವಿಷಯದ ಎರಡು ಪ್ರತಿ ಎಂದುಕೊಳ್ಳಬೇಡಿ. ಒಂದರಲ್ಲಿ ಹೊರಗಿನವನು ಬಂದು ಕುಣಿದಿದ್ದಾನೆ, ಇನ್ನೊಂದರಲ್ಲಿ ಅವನ ಕಲೆಯನ್ನು ಊರವರು ಕಲಿತುಬಿಟ್ಟಿದ್ದಾರೆ.

ಬೆನ್ನಹೊರೆ ಹೊತ್ತು ಬಾಗಿ ನಡೆಯುವ, ಕೈಯಲ್ಲಿ ಹೂಜಿ ಹಿಡಿದ ಚಿಲ್ಲರೆ ವ್ಯಾಪಾರಿ ಇದ್ದಾನೆ. ಮೊಣಕಾಲೂರಿ ದ್ರಾಕ್ಷಾರಸದ ಚರ್ಮದ ಚೀಲ ಅಪ್ಪಿಕೊಂಡವನಿದ್ದಾನೆ. ಗಾನ್ಸು ಪ್ರಾಂತ್ಯದ ಚಿಂಗ್‌ಚೆಂಗ್‌ನಲ್ಲಿ 2001ರಲ್ಲಿ ತೆರೆದ ಮೂ ತಾಯ್‌ನ 730ರ ಸಮಾಧಿಯ ಹೊರನಾಡಿಗರಂತೂ ಹೊಟ್ಟೆ, ಹುಬ್ಬು, ಬೆರಳು ಎಲ್ಲವೂ ಅತಿಯಾಗಿ, ವೇದಿಕೆ ಹತ್ತಿದ ವಿದೂಷಕರಂತಿದ್ದಾರೆ.

ಹಾಗಾದರೆ ಹೊರನಾಡಿಗರೆಲ್ಲ ಆಳುಗಳೇ ಆಗಿದ್ದರೇ?

ಇಲ್ಲ. ಈ ಗೊಂಬೆಗಳನ್ನು ಓದುವಾಗ ಎಲ್ಲರೂ ಎಡವುವುದು ಇಲ್ಲೇ.

ಶಿಯಾನ್‌ನ ವಾಯವ್ಯಕ್ಕಿರುವ ಟಾಂಗ್ ರಾಜರ ಚಿಯಾನ್‌ಲಿಂಗ್ ಸಮಾಧಿ ಕ್ಷೇತ್ರಕ್ಕೆ ಹೋದರೆ ಹೊರನಾಡಿನ ನಾಯಕರ, ರಾಯಭಾರಿಗಳ 61 ಕಲ್ಲಿನ ವಿಗ್ರಹಗಳು ಸಾಲಾಗಿ ನಿಂತಿವೆ, ಬಹುತೇಕ ಎಲ್ಲಕ್ಕೂ ಈಗ ತಲೆಯಿಲ್ಲ. ಅದೇ ಕ್ಷೇತ್ರದಲ್ಲಿ ರಾಜಕುಮಾರ ಲಿ ಶಿಯಾನ್‌ನ ಸಮಾಧಿಯ ಗೋಡೆಯ ಮೇಲೆ ಚೀನೀ ಅಧಿಕಾರಿಗಳೊಡನೆ ನಿಂತ ವಿದೇಶಿ ರಾಯಭಾರಿಗಳ ಚಿತ್ರವಿದೆ. ದೊರೆಗೆ ಕಲ್ಲು, ರಾಯಭಾರಿಗೆ ಗೋಡೆಯ ಬಣ್ಣ, ಆಳಿಗೆ ಮಣ್ಣು: ವಸ್ತುವೇ ಅಂತಸ್ತು ಹೇಳಿಬಿಡುತ್ತದೆ. ಮಣ್ಣಿನ ಸಾಲಿನಲ್ಲಿ ಇರುವುದು ಯಜಮಾನ ತನ್ನ ಹಿಂದೆ ಮುಂದೆ ಓಡಾಡಬೇಕೆಂದು ಬಯಸಿದ ಪರಿವಾರ. ಅದನ್ನು ಜನಗಣತಿ ಎಂದು ಓದಬಾರದು.

ನಿಂಗ್‌ಶಿಯಾದ ಗುಯುವಾನ್‌ನಲ್ಲಿ 670ರಲ್ಲಿ ಸಮಾಧಿಯಾದ ಶಿ ಹೆದಾನ್ ಸೋಗ್ಡಿಯನ್ ಮೂಲದವನು, ರಾಜಸಭೆಯ ಸಚಿವಾಲಯದಲ್ಲಿ ದುಭಾಷಿ. ಸೇನಾಪತಿ ಆನ್ ಲುಶಾನ್‌ನ ತಂದೆಯ ಕಡೆ ಸೋಗ್ಡಿಯನ್, ತಾಯಿಯ ಕಡೆ ತುರ್ಕಿ. ಖಗೋಳ ಇಲಾಖೆಯ ಮುಖ್ಯಸ್ಥ ಗೌತಮ ಸಿದ್ಧ ಭಾರತೀಯ ಮೂಲದವನು. ಇಂಥವರಿಗೆ ಗೊಂಬೆಯ ಅಚ್ಚು ಯಾರೂ ಮಾಡಲಿಲ್ಲ. ಗೊಂಬೆಯಂಗಡಿಗೆ ಬೇಕಾಗಿದ್ದ ಹೊರನಾಡಿಗ ಹಗ್ಗ ಹಿಡಿದವನು.

ಒಂಟೆಯ ಹೇರಿನಲ್ಲಿ ಏನಿರುತ್ತದೆ?

ಎರಡು ಡುಬ್ಬದ ಒಂಟೆ, ಅಂದರೆ ಬ್ಯಾಕ್ಟ್ರಿಯನ್ ತಳಿ. ಡುಬ್ಬಗಳ ಎರಡೂ ಪಕ್ಕ ಹಲಗೆ, ಅದರ ಮೇಲೆ ಉಬ್ಬಿದ ದೊಡ್ಡ ಚೀಲ, ಚೀಲದ ಮೇಲೆ ಎಷ್ಟೋ ಸಲ ರಾಕ್ಷಸ ಮುಖ. ತೂಗುಬಿದ್ದ ವಸ್ತುಗಳನ್ನು ಹತ್ತಿರದಿಂದ ನೋಡಿ: ನೀರಿನ ಚಪ್ಪಟೆ ಕುಡಿಕೆ, ಹೂಜಿ, ಪಕ್ಕೆಲುಬಿನ ಮಾಂಸದ ತುಂಡು, ತಿರುಚಿ ಗಂಟುಹಾಕಿದ ರೇಷ್ಮೆ ಲಡಿ. ರಾಮನಗರದ ಮಾರುಕಟ್ಟೆಯಲ್ಲಿ ಲಡಿ ಕಂಡವರಿಗೆ ಆ ತಿರುಚು ತಕ್ಷಣ ಗುರುತು ಸಿಗುತ್ತದೆ. ಒಂದು ಸೂಕ್ಷ್ಮವಿದೆ: ರೇಷ್ಮೆ ಚೀನಾದಿಂದ ಹೊರಹೋಗುವ ಸರಕು. ಹಾಗಾಗಿ ಲಡಿ ಹೊತ್ತ ಒಂಟೆ ಪಶ್ಚಿಮಕ್ಕೆ ಮುಖ ಮಾಡಿದ ಒಂಟೆ.

ಹೊರನಾಡಿನ ಹೆಂಗಸರ ಗೊಂಬೆ ಇಲ್ಲವೇ?

ತೀರಾ ಕಡಿಮೆ. ಕಾವ್ಯದಲ್ಲಿ ಗಿರಗಿರ ತಿರುಗುವ ಸೋಗ್ಡಿಯನ್ ನರ್ತಕಿಯರು ಬೇಕಾದಷ್ಟು, ಮಣ್ಣಿನಲ್ಲಿ ಮಾತ್ರ ಗಂಡಸರೇ. ಹೆಂಗಸರು ಹೇಗೆ ಬಂದರು ಎಂಬುದಕ್ಕೆ ಕಾಗದದ ಸಾಕ್ಷ್ಯವೊಂದಿದೆ: ಚೀನಾದ ವಾಯವ್ಯದ ತುರ್ಫಾನ್‌ನ ಅಸ್ತಾನಾ ಸ್ಮಶಾನದಲ್ಲಿ ಸಿಕ್ಕ 639ರ ಸೋಗ್ಡಿಯನ್ ಕ್ರಯಪತ್ರ. ಸಮರ್ಕಂಡದ ಒಬ್ಬನಿಂದ ಉಪಾಚ್ ಎಂಬ ದಾಸಿಯನ್ನು ಬೌದ್ಧ ಸನ್ಯಾಸಿಯೊಬ್ಬ 120 ಪರ್ಷಿಯನ್ ಬೆಳ್ಳಿ ದ್ರಮ್ಮಕ್ಕೆ ಕೊಂಡ ಲೆಕ್ಕ ಅದರಲ್ಲಿದೆ.

ಗುಂಗುರು ಕೂದಲಿನ, ಕಪ್ಪು ಮೈಬಣ್ಣದ ಗೊಂಬೆಗಳು ಆಫ್ರಿಕನ್ನರದೇ?

ಚೀನೀ ಮೂಲಗಳು ಇವರನ್ನು ‘ಕುನ್‌ಲುನ್’ ಎನ್ನುತ್ತವೆ. ಆ ಹೆಸರು ಮುಖ್ಯವಾಗಿ ಆಗ್ನೇಯ ಏಷ್ಯಾದ ದ್ವೀಪ, ಕರಾವಳಿಗಳ ಕಪ್ಪು ಮೈಬಣ್ಣದ ಜನಕ್ಕೆ. ಅರಬ್ ವ್ಯಾಪಾರದ ದಾರಿಯಲ್ಲಿ ಆಫ್ರಿಕಾದಿಂದ ಬಂದವರೂ ಅದೇ ಹೆಸರಿನಡಿ ಸೇರಿರಬಹುದು. ಶಿಯಾನ್‌ನಲ್ಲಿ 1948ರಲ್ಲಿ ಸಿಕ್ಕ, 850ರ ಪೇಯ್ ಮನೆತನದ ಹುಡುಗಿಯ ಸಮಾಧಿಯ ಗೊಂಬೆ ಇವುಗಳಲ್ಲಿ ಹೆಸರಾದದ್ದು. ಹಲವು ಕುನ್‌ಲುನ್ ಗೊಂಬೆಗಳು ಹೊಲಿಗೆಯಿಲ್ಲದ ಒಂದೇ ವಸ್ತ್ರವನ್ನು ಸೊಂಟಕ್ಕೆ ಸುತ್ತಿ, ತುದಿಯನ್ನು ಎದೆಯ ಮೇಲೆ ಓರೆಯಾಗಿ ಹಾಯಿಸಿಕೊಂಡಿರುತ್ತವೆ. ಕಚ್ಚೆ, ಉತ್ತರೀಯ ಕಂಡವರಿಗೆ ‘ಇವನು ನಮ್ಮ ಕಡೆಯವನು’ ಅನ್ನಿಸುವುದು ಸಹಜ. ಅದೇ ಉಡುಗೆ ಜಾವಾ, ಕಾಂಬೋಡಿಯಾಗಳಲ್ಲೂ ಇತ್ತು, ಆದ್ದರಿಂದ ಬಟ್ಟೆ ನೋಡಿ ಊರು ಹೇಳಬೇಡಿ.

ಕರ್ನಾಟಕಕ್ಕೆ ಏನಾದರೂ ನಂಟಿದೆಯೇ?

ಗೊಂಬೆಗಳಲ್ಲಿ ಇಲ್ಲ, ದಾಖಲೆಯಲ್ಲಿ ಇದೆ. 690ರ ದಶಕದ ಆರಂಭದಲ್ಲಿ ಭಾರತದ ಐದು ದಿಕ್ಕಿನ ಅರಸರ ಕಡೆಯಿಂದ ಟಾಂಗ್ ಆಸ್ಥಾನಕ್ಕೆ ಕಾಣಿಕೆ ಬಂದದ್ದನ್ನು ಚೀನೀ ಇತಿಹಾಸ ದಾಖಲಿಸಿದೆ. ದಕ್ಷಿಣದ ಅರಸನ ಹೆಸರು ಚೀನೀ ಅಕ್ಷರಗಳಲ್ಲಿ ‘ಚಾಲುಕ್ಯ ವಲ್ಲಭ’ ಎಂದೇ ಓದಿಸಿಕೊಳ್ಳುತ್ತದೆ. ಕಾಲ ಕೂಡಿಸಿ ನೋಡಿದರೆ ಬಾದಾಮಿಯಲ್ಲಿ ಆಗ ವಿನಯಾದಿತ್ಯ ಆಳುತ್ತಿದ್ದ.

ಗೊಂಬೆಗಳ ಸಂಖ್ಯೆಗೆ ಮಿತಿ ಇತ್ತೇ?

ಇತ್ತು. ಮೂರನೆಯ ದರ್ಜೆ ಮತ್ತು ಮೇಲಿನ ಅಧಿಕಾರಿಗೆ 90 ವಸ್ತು, ಆರರಿಂದ ಒಂಬತ್ತನೆಯ ದರ್ಜೆಯವರಿಗೆ 40. ಕಾವಲು ಮೂರ್ತಿ, ಕುದುರೆ ಇತ್ಯಾದಿ ಒಂದು ಚೀನೀ ಅಡಿ, ಅಂದರೆ ಸುಮಾರು 30 ಸೆಂ.ಮೀ.; ವಾದ್ಯಮೇಳ, ಆಳುಕಾಳುಗಳು ಏಳು ಚೀನೀ ಅಂಗುಲ, ಸುಮಾರು 21 ಸೆಂ.ಮೀ. 741ರಲ್ಲಿ ಇದನ್ನೂ ಇಳಿಸಿ 90 ಇದ್ದದ್ದನ್ನು 70, 40 ಇದ್ದದ್ದನ್ನು 20 ಮಾಡಿದರು, ಸಾಮಾನ್ಯರಿಗೆ 15. ಎಲ್ಲವೂ ಸಾದಾ ಮಣ್ಣಿನವಾಗಿರಬೇಕು, ಮರ, ಬೆಳ್ಳಿ, ಬಂಗಾರ ಕೂಡದು.

ಪಾಲಿಸಿದರೇ? 728ರಲ್ಲಿ ತೀರಿಕೊಂಡ ಲಿಯು ತಿಂಗ್‌ಶುನ್ ಎಂಬ ಸೇನಾಧಿಕಾರಿಯದೆಂದು ಹೇಳುವ 13 ಆಕೃತಿಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅದರಲ್ಲಿ ಎತ್ತರದ್ದು ಒಂದು ಮೀಟರಿಗೂ ಮಿಕ್ಕಿದೆ. ಮೆರವಣಿಗೆಯಲ್ಲಿ ದಾರಿಹೋಕರ ಕಣ್ಣು ಕುಕ್ಕಲೆಂದೇ ಇವನ್ನು ಹೊತ್ತೊಯ್ಯುತ್ತಾರೆ ಎಂದು ಎಂಟನೆಯ ಶತಮಾನದ ಆರಂಭದಲ್ಲೇ ತಾಂಗ್ ಶಾವೋ ಎಂಬ ಅಧಿಕಾರಿ ದೂರಿದ್ದ. ಮದುವೆ ಖರ್ಚಿಗೆ ಮಿತಿ ಹಾಕುವ ಕಾನೂನಿನ ಗತಿಯೇ ಇದಕ್ಕೂ ಆಯಿತು.

ಮಾಡುತ್ತಿದ್ದುದು ಹೇಗೆ? ಎಲ್ಲಿ ಕೆಡುತ್ತಿತ್ತು?

ಮುಖ್ಯ ಆವಿಗೆಗಳು ಮೂರು ಕಡೆ: ಹೆನಾನ್‌ನ ಗೊಂಗ್‌ಯಿ, ಶಾನ್‌ಶಿಯ ತೊಂಗ್‌ಚುವಾನ್ ಬಳಿಯ ಹುವಾಂಗ್‌ಬಾವೊ, ಮತ್ತು ಚಾಂಗಾನ್ ಪಟ್ಟಣದೊಳಗೇ ಲಿಚುವಾನ್ ಬಡಾವಣೆ. ಕೊನೆಯದು ಪಶ್ಚಿಮ ಮಾರುಕಟ್ಟೆಗೆ ಅಂಟಿಕೊಂಡಿತ್ತು. ಸೋಗ್ಡಿಯನ್ನರು ನಡೆದುಕೊಳ್ಳುತ್ತಿದ್ದ ಅಗ್ನಿಪೂಜಕರ ಗುಡಿಯೂ ಅದೇ ಬಡಾವಣೆಯಲ್ಲಿತ್ತು. ಅಲ್ಲಿನ ಕುಂಬಾರನಿಗೆ ಸೋಗ್ಡಿಯನ್ ಮೂಗು ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಬಿಳಿ ಮಣ್ಣನ್ನು ಹದಮಾಡಿ, ಮುಂಭಾಗ ಹಿಂಭಾಗವೆಂದು ಎರಡು ಹೋಳಿನ ಅಚ್ಚಿಗೆ ಒತ್ತುತ್ತಾರೆ. ಒಳಗೆ ಟೊಳ್ಳು ಇರಲೇಬೇಕು. ಎರಡು ಹೋಳುಗಳ ಅಂಚನ್ನು ಗೀರಿ, ತೆಳು ಕೆಸರು ಬಳಿದು ಕೂಡಿಸಿ, ಹೊರಗಿನ ಗೆರೆಯನ್ನು ಸವರುತ್ತಾರೆ. ತಲೆ ಬೇರೆ ಅಚ್ಚು; ಕುತ್ತಿಗೆಯ ಕಡೆ ಬೆಣೆಯಂತೆ ಬಿಟ್ಟು ಮೈಯ ತೂತಿಗೆ ಕೂರಿಸುತ್ತಾರೆ. ಒಂದೇ ಮೈ ಅಚ್ಚಿಗೆ ಒಮ್ಮೆ ಚೀನೀ ತಲೆ, ಒಮ್ಮೆ ಹು ತಲೆ ಹಾಕಿ ಮುಗಿಸುವುದಕ್ಕೆ ಇದರಿಂದ ಅನುಕೂಲ. ಮೂಗಿಗೆ ಚೂರು ಮಣ್ಣು ಮೆತ್ತಿ, ಗಡ್ಡವನ್ನು ಕಡ್ಡಿಯಿಂದ ಗೀರಿದರೆ ಆಳು ತಯಾರು.

ನೆರಳಲ್ಲಿ ಒಣಗಿಸಿ ಮೊದಲ ಸುಡುವಿಕೆ 1000ದಿಂದ 1100 ಡಿಗ್ರಿ ಸೆಲ್ಸಿಯಸ್. ಆಮೇಲೆ ಸೀಸದ ಗ್ಲೇಜು, ಅಂದರೆ ಸುಟ್ಟಾಗ ಗಾಜಿನಂತೆ ಹೊಳೆಯುವ ಲೇಪ, ಬಳಿದು ಎರಡನೆಯದು 800ರಿಂದ 900. ಬಣ್ಣ ಬರುವುದು ಲೋಹದಿಂದ: ಕಬ್ಬಿಣ ಹಾಕಿದರೆ ಜೇನು ಕಂದು, ತಾಮ್ರಕ್ಕೆ ಹಸಿರು, ಏನೂ ಹಾಕದಿದ್ದರೆ ಕೆನೆಬಣ್ಣ, ಕೋಬಾಲ್ಟಿಗೆ ನೀಲಿ. ಇದೇ ‘ಸಾನ್‌ತ್ಸಾಯ್’, ಮೂರು ಬಣ್ಣ. ಮೂರು ಎನ್ನುವುದು ಹೆಸರಿಗೆ ಮಾತ್ರ.

ಕೆಡುವ ಜಾಗಗಳು ಇವು. ಒಳಗಿನ ಗಾಳಿಗೆ ದಾರಿ ಬಿಡದಿದ್ದರೆ ಆವಿಗೆಯಲ್ಲೇ ಒಡೆಯುತ್ತದೆ. ಕುದುರೆಯ ಹೊಟ್ಟೆಯಡಿ ತೂತು ಇರುವುದು ಇದಕ್ಕೆ. ತಲೆಯೂ ಮೈಯೂ ಬೇರೆ ಬೇರೆ ಹದದಲ್ಲಿದ್ದಾಗ ಕೂಡಿಸಿದರೆ ಒಣಗುವಾಗ ಕುತ್ತಿಗೆಯ ಸುತ್ತ ಬಿರುಕು. ಗ್ಲೇಜು ದಪ್ಪವಾದರೆ ಕೆಳಗೆ ಹರಿದು ಪೀಠಕ್ಕೆ ಗೊಂಬೆ ಅಂಟಿಕೊಳ್ಳುತ್ತದೆ. ಅದಕ್ಕೇ ನುರಿತವನು ಪಾದಕ್ಕಿಂತ ಮೇಲೆಯೇ ಬಳಿಯುವುದನ್ನು ನಿಲ್ಲಿಸುತ್ತಾನೆ.

ಮೈಯೆಲ್ಲ ಹೊಳೆಯುತ್ತದೆ, ಮುಖ ಮಾತ್ರ ಬೋಳು. ಏಕೆ?

ಸೀಸದ ಗ್ಲೇಜು ಕರಗಿದಾಗ ಜೇನಿನಂತೆ ಹರಿಯುತ್ತದೆ. ಮುಖಕ್ಕೆ ಹಚ್ಚಿದರೆ ಕಣ್ಣು, ಮೀಸೆ, ತುಟಿಯ ಗೆರೆಗಳೆಲ್ಲ ತುಂಬಿಹೋಗುತ್ತವೆ. ಅದಕ್ಕೆ ಮುಖ ಹಾಗೇ ಬಿಟ್ಟು, ಸುಟ್ಟು ತಣಿದ ಮೇಲೆ ಕುಂಚದಿಂದ ಬಣ್ಣ: ತುಟಿಗೆ ಇಂಗಳೀಕದ ಕೆಂಪು, ಹುಬ್ಬು ಮೀಸೆಗೆ ಕಾಡಿಗೆ ಕಪ್ಪು. ಈ ಬಣ್ಣ ಸುಟ್ಟದ್ದಲ್ಲ, ಹಾಗಾಗಿ ನೀರು ತಾಗಿದರೆ ಕೈಗೇ ಬರುತ್ತದೆ.

ಯಾವಾಗ ನಿಂತುಹೋಯಿತು?

755ರಿಂದ 763ರವರೆಗಿನ ಆನ್ ಲುಶಾನ್ ದಂಗೆ ಎರಡೂ ರಾಜಧಾನಿಗಳನ್ನು ಹಾಳುಮಾಡಿತು. ಆಮೇಲೆ ಗೊಂಬೆಗಳು ಚಿಕ್ಕವಾದವು, ಸಂಖ್ಯೆ ಇಳಿಯಿತು. ದಂಗೆಯ ನಾಯಕನೇ ಹು ರಕ್ತದವನಾದ್ದರಿಂದ ಆ ಮುಖಗಳ ಮೇಲಿನ ಒಲವೂ ಇಳಿದಿರಬೇಕು.

ಅಸಲಿ ಎಂದು ತಿಳಿಯುವುದು ಹೇಗೆ?

ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆ ಇದೆ. ಕಣ್ಣಿಗೆ ಬೀಳದ ಜಾಗದಲ್ಲಿ ಕೊರೆದು ಕೆಲವು ಹತ್ತು ಮಿಲಿಗ್ರಾಂ ಪುಡಿ ತೆಗೆದು ಬಿಸಿಮಾಡಿ, ಹೊಮ್ಮುವ ಬೆಳಕನ್ನು ಅಳೆಯುತ್ತಾರೆ. ಕೊನೆಯ ಸಲ ಸುಟ್ಟು ಎಷ್ಟು ಕಾಲವಾಯಿತೆಂದು ಅದು ಅಂದಾಜು ಹೇಳುತ್ತದೆ. ಹೇಳಿಕೆ ದೊರಗು, 700 ಮತ್ತು 750ರ ವ್ಯತ್ಯಾಸ ಅದಕ್ಕೆ ತಿಳಿಯದು. ಪುಡಿಯನ್ನು ಒಂದೇ ಜಾಗದಿಂದ ತೆಗೆದ ಪ್ರಮಾಣಪತ್ರ ತೋರಿಸಿದರೆ ಹುಷಾರು: ಹಳೇ ಪಾದಕ್ಕೆ ಹೊಸ ಮೈ, ಹಳೇ ಮೈಗೆ ಹೊಸ ಹು ತಲೆ ಕೂರಿಸುವುದು ಸಾಮಾನ್ಯ. ತಲೆ, ಮೈ, ಪೀಠ ಮೂರರಿಂದಲೂ ತೆಗೆದಿರಬೇಕು. ಪ್ರಯೋಗಾಲಯದಲ್ಲಿ ವಿಕಿರಣ ಕೊಟ್ಟು ಹಳತಾಗಿಸುವವರೂ ಇದ್ದಾರೆ. ಗ್ಲೇಜಿನ ಮೇಲಿನ ಬೆಳ್ಳಿಯಂಥ ಪೊರೆ, ಸಣ್ಣ ಬಿರುಕಿನ ಬಲೆ ಒಳ್ಳೆಯ ಸೂಚನೆ, ಪುರಾವೆಯಲ್ಲ. ಆಮ್ಲದಿಂದ ಅದನ್ನೂ ತರಿಸುತ್ತಾರೆ. ಲುವೋಯಾಂಗ್ ಬಳಿಯ ನಾನ್‌ಶಿಷಾನ್ ಗ್ರಾಮದಲ್ಲಿ ಪ್ರತಿಕೃತಿ ಮಾಡುವುದೇ ಊರಿನ ಕಸುಬು. ಪ್ರತಿಕೃತಿಯೆಂದೇ ಕೊಂಡರೆ ತೊಂದರೆಯಿಲ್ಲ.

ಕೊಳ್ಳಬಹುದೇ?

ಉತ್ಖನನದ ದಾಖಲೆ, ಹಳೆಯ ಒಡೆತನದ ಕಾಗದ ಇಲ್ಲದಿದ್ದರೆ ಬೇಡ. ಟಾಂಗ್ ಅಂತ್ಯದವರೆಗಿನ ಚೀನೀ ಪುರಾತತ್ವ ವಸ್ತುಗಳ ಆಮದಿಗೆ ಅಮೆರಿಕ 2009ರಿಂದ ನಿರ್ಬಂಧ ಹಾಕಿದೆ. ಅಮೆರಿಕದಲ್ಲಿರುವ ಕನ್ನಡಿಗರು ಹಾಂಗ್‌ಕಾಂಗಿನಿಂದ ‘ನೆನಪಿನ ಕಾಣಿಕೆ’ ತರುವ ಮುನ್ನ ಇದನ್ನು ಗಮನಿಸಬೇಕು.

ಮನೆಯಲ್ಲಿರುವ ಗೊಂಬೆ ಧೂಳು ಹಿಡಿದಿದೆ, ತೊಳೆಯಬಹುದೇ?

ಬೇಡ. ನೀರು ಮುಖದ ಬಣ್ಣವನ್ನು ಒಯ್ಯುತ್ತದೆ, ಮಣ್ಣಿನೊಳಗಿನ ಉಪ್ಪನ್ನು ಕರಗಿಸಿ ಮೇಲಕ್ಕೆ ತರುತ್ತದೆ. ಒಣಗಿದಾಗ ಆ ಉಪ್ಪು ಹರಳಾಗಿ ಪದರ ಎಬ್ಬಿಸುತ್ತದೆ. ಮೆದುವಾದ ಒಣ ಕುಂಚ ಸಾಕು. ಎತ್ತುವಾಗ ತಲೆ, ಕೈ ಹಿಡಿಯದೆ ಪೀಠದಡಿ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಡಿ. ಗ್ಲೇಜಿನಲ್ಲಿ ಹೆಚ್ಚುಕಡಿಮೆ ಅರ್ಧ ಸೀಸವಿರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಎಲ್ಲಿ ನೋಡಬೇಕು?

ಶಿಯಾನ್‌ನಲ್ಲಿ ಶಾನ್‌ಶಿ ಇತಿಹಾಸ ಮ್ಯೂಸಿಯಮ್, ಬೇಟೆಯ ತಂಡಕ್ಕೆ ಶಿಯಾನ್ ಮ್ಯೂಸಿಯಮ್, ನಂತರ ಲುವೋಯಾಂಗ್ ಮ್ಯೂಸಿಯಮ್. ಸಮಯವಿದ್ದರೆ ಚಿಯಾನ್‌ಲಿಂಗ್‌ಗೆ ಮೊದಲು ಹೋಗಿ, ತಲೆಯಿಲ್ಲದ ಆ 61 ಕಲ್ಲಾಳುಗಳನ್ನು ನೋಡಿ, ಆಮೇಲೆ ಪಟ್ಟಣಕ್ಕೆ ಬಂದು ಮಣ್ಣಿನವರನ್ನು ನೋಡಿ. ಗಾಜಿನ ಮುಂದೆ ನೇರ ನಿಲ್ಲಬೇಡಿ, ಅರ್ಧ ಪಕ್ಕಕ್ಕೆ ಸರಿದರೆ ಮುಷ್ಟಿಯ ತೂತಿನಾಚೆಯ ಬೆಳಕು ಕಾಣುತ್ತದೆ.